ಇಳಿತ ಕಂಡ ಹವಳ

"ಬೆರಳಗಲ ಜಾಗ ಸಾಕಕ್ಕಾ" ಎನ್ನುತ್ತಾ ಗಾಜಿನ ತೊಟ್ಟಿಯ ಹವಳದ ಬುಡಕ್ಕೆ ಬಂದು ಅಂಟಿಕೊಂಡ ಸ್ಪಂಜು, ತಿಂಗಳೊಳಗೆ ಅದರ ಕತ್ತಿನವರೆಗೂ ಹಬ್ಬಿತು.

ತೊಟ್ಟಿಯ ಒಡತಿ ಪದ್ಮಾಕ್ಷಿ ಹವಳವನ್ನು ಕೇಳಿದಳು: "ಗಾಳಿ ತಾಗಿದರೆ ಈ ಸ್ಪಂಜು ಸಾಯುತ್ತದೆ. ಹತ್ತು ನಿಮಿಷ ನಿನ್ನನ್ನು ನೀರಿನಿಂದ ಎತ್ತಿ ಹಿಡಿಯುತ್ತೇನೆ. ತಡೆದುಕೊಳ್ಳುತ್ತೀಯಾ?"

"ಒಪ್ಪಬೇಡಕ್ಕಾ! ನೀರು ಬಿಟ್ಟರೆ ನಾವಿಬ್ಬರೂ ಸಾಯುತ್ತೇವೆ" ಎಂದು ಸ್ಪಂಜು ಗೋಗರೆಯಿತು.

"ಎತ್ತಮ್ಮಾ" ಎಂದಿತು ಹವಳ.

ಹೊರಗೆ ಗಾಳಿ ಮೈ ಸುಟ್ಟಿತು. ಹವಳ ಮೈ ಬಿಗಿಹಿಡಿಯಿತು.

"ನಿನಗೆ ಭಯವಿಲ್ಲವೇ?" ಎಂದು ಸ್ಪಂಜು ಬಿಕ್ಕಿತು.

"ಇದೆ. ಆದರೆ ನಾನು ಹುಟ್ಟಿದ ದಂಡೆಯಲ್ಲಿ ಕಡಲು ದಿನಕ್ಕೆರಡು ಸಲ ನನ್ನನ್ನು ಬಿಟ್ಟು ಹೋಗುತ್ತಿತ್ತು. ಅದು ತಿರುಗಿ ಬರುವವರೆಗೆ ತಾಳಿಕೊಂಡಿರುವುದು ನನಗೆ ಗೊತ್ತು."

ಮತ್ತೆ ನೀರಿಗಿಳಿದಾಗ ಅದನ್ನು ಅಕ್ಕಾ ಎನ್ನುವವರು ಯಾರೂ ಇರಲಿಲ್ಲ. ಹವಳ ಮೈತುಂಬ ಇರುವ ತನ್ನ ಪುಟ್ಟ ಬಾಯಿಗಳನ್ನೆಲ್ಲ ತೆರೆದು ಊಟಕ್ಕೆ ಕೂತಿತು.