ಮರೆತವರ ಮಂಡಕ್ಕಿ

ಬಹಳ ಹಿಂದೆ, ಈಗಿನ ಡಾಂಬರು ರಸ್ತೆ ಇನ್ನೂ ಗಾಡಿ ಜಾಡಾಗಿದ್ದಾಗ, ಹೊಳೆಯ ಬಲದಂಡೆಯಲ್ಲಿ ಒಂದೂರಿತ್ತಂತೆ. ಆ ಊರಲ್ಲಿ ಮಾಳವ್ವ ಅಂತ ಒಬ್ಬ ಹೆಣ್ಣುಮಗಳು ಇದ್ದಳಂತೆ. ಮಂಡಕ್ಕಿ ಭಟ್ಟಿ ನಡೆಸುತ್ತಿದ್ದಳು, ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಭಟ್ಟಿ ಮಾಳವ್ವ. ಭಟ್ಟಿ ಅಂದರೆ ದೊಡ್ಡ ಒಲೆ. ಒಲೆಯ ಮೇಲೆ ಅಗಲವಾದ ಬಾಣಲೆ, ಬಾಣಲೆಯಲ್ಲಿ ಹೊಳೆಯ ಮರಳು. ಮರಳು ಚೆನ್ನಾಗಿ ಕಾದ ಮೇಲೆ ಉಪ್ಪುನೀರು ಕುಡಿಸಿ ಒಣಗಿಸಿದ ಅಕ್ಕಿ ಸುರಿದರೆ ಚಟಪಟ ಅರಳಿ ಮಂಡಕ್ಕಿಯಾಗುತ್ತದೆ. ಜರಡಿ ಹಿಡಿದರೆ ಮಂಡಕ್ಕಿ ಮೇಲೆ ಉಳಿಯುತ್ತದೆ, ಮರಳು ಕೆಳಗೆ ಇಳಿಯುತ್ತದೆ. ಇದನ್ನೆಲ್ಲ ಬಿಡಿಸಿ ಹೇಳುವುದು ಯಾಕೆಂದರೆ, ಈ ಕತೆಯಲ್ಲಿ ಮಂಡಕ್ಕಿಗೆ ಎಷ್ಟು ಕೆಲಸವಿದೆಯೋ ಮರಳಿಗೂ ಅಷ್ಟೇ ಇದೆ.

ಮಾಳವ್ವನ ಬಗ್ಗೆ ಜನ ಏನೇನೋ ಹೇಳುತ್ತಾರೆ. ಕಾದ ಮರಳಿಗೆ ಬೆರಳಿಟ್ಟರೂ ಅವಳಿಗೆ ಬೊಬ್ಬೆ ಬರುತ್ತಿರಲಿಲ್ಲವಂತೆ. ಅವಳು ಹುರಿದ ಮಂಡಕ್ಕಿ ಮಳೆಗಾಲದಲ್ಲೂ ಮೆತ್ತಗಾಗುತ್ತಿರಲಿಲ್ಲವಂತೆ. ಅವಳಿಗೆ ಅಕ್ಷರ ಕಲಿಸಿದವರು ಯಾರು ಅನ್ನುವುದಕ್ಕೂ ಒಂದೇ ಮಾತಿಲ್ಲ. ಮಳೆಗೆ ಸಿಕ್ಕು ಭಟ್ಟಿಯ ಮರೆಯಲ್ಲಿ ನಿಂತ ಒಬ್ಬ ಜಂಗಮಯ್ಯ ಕಲಿಸಿದ ಅನ್ನುತ್ತಾರೆ ಕೆಲವರು. ತವರಲ್ಲಿ ಅಣ್ಣಂದಿರು ಓದುವಾಗ ಬಾಗಿಲ ಹಿಂದೆ ನಿಂತು ಕಲಿತಳು ಅನ್ನುತ್ತಾರೆ ಇನ್ನು ಕೆಲವರು. ಹೇಗೇ ಇರಲಿ, ಆ ಊರಲ್ಲಿ ಓದು ಬರುತ್ತಿದ್ದದ್ದು ಅವಳೊಬ್ಬಳಿಗೇ.

ಆ ಕಾಲದಲ್ಲಿ ಶ್ರಾವಣ ಬಂದರೆ ಊರಕಟ್ಟೆಯಲ್ಲಿ ಪುರಾಣ ಓದಿಸಬೇಕು. ಓದುವವರು ಬೇರೆ ಊರಿನಿಂದ ಬರಬೇಕು. ಒಂದು ವರ್ಷ ಬರುತ್ತಿದ್ದರು, ಒಂದು ವರ್ಷ ಬರುತ್ತಿರಲಿಲ್ಲ. ಬಾರದ ವರ್ಷ ಜನ ಕಟ್ಟೆಯ ಮೇಲೆ ಸುಮ್ಮನೆ ಕೂತು ಎದ್ದು ಹೋಗುತ್ತಿದ್ದರಂತೆ. ಅದನ್ನು ನೋಡಿ ಮಾಳವ್ವನಿಗೆ ಅನ್ನಿಸಿತಂತೆ: ಇಷ್ಟು ಜನ ಇದ್ದೂ ಓದುವ ಬಾಯಿ ಒಂದೂ ಇಲ್ಲವಲ್ಲ! ತಾನೇ ಓದಬಹುದಿತ್ತು, ನಿಜ. ಆದರೆ ತಾನು ಓದಿದರೆ ಊರಿಗೆ ಒಬ್ಬಳು ಓದುವವಳು ಸಿಕ್ಕಳು, ಅಷ್ಟೇ ಆಯಿತಲ್ಲ. ಊರೇ ಓದಬೇಕು ಅನ್ನುವುದು ಅವಳ ಆಸೆ.

ಕಲಿಯಲು ಬನ್ನಿರಿ ಅಂದರೆ ಯಾರು ಬರುತ್ತಾರೆ? ಗಂಡಸರಿಗೆ ಹೊಲ, ಹೆಂಗಸರಿಗೆ ಮನೆ ಮತ್ತು ಹೊಲ ಎರಡೂ. ಆದರೆ ಅಕ್ಕಿ ಹುರಿಸಲು ಎಲ್ಲರೂ ಭಟ್ಟಿಗೆ ಬರಲೇಬೇಕು, ಸರದಿಗಾಗಿ ಕಾಯಲೇಬೇಕು. ಮಾಳವ್ವ ಆರಿದ ಹಳೆ ಮರಳನ್ನು ಭಟ್ಟಿಯ ಮುಂದೆ ಹರಡಿದಳು. ಬಂದವರ ಬೆರಳು ಹಿಡಿದು ಒಂದು ಅಕ್ಷರ ತಿದ್ದಿಸಿದಳು. ಒಂದೇ ಒಂದು. ಅಷ್ಟರಲ್ಲಿ ಅವರ ಅಕ್ಕಿ ಅರಳಿರುತ್ತಿತ್ತು.

"ಒಂದ್ ಅಕ್ಷರ ತಗಂಡು ನಾವೇನ್ ಮಾಡಬೇಕಬೇ, ಉಪ್ಪಿನಕಾಯಿ ಹಾಕ್ಬೇಕಾ?" ಅಂದಳಂತೆ ಹಾಲವ್ವ ಅನ್ನುವ ಮುದುಕಿ. ಈ ಹಾಲವ್ವ ಊರಲ್ಲೇ ಬಾಯಿ ಜೋರು.

"ನಿಮ್ಮನೀಗೆ ಒಂದು, ಪಕ್ಕದ ಮನೀಗೆ ಒಂದು" ಅಂದಳಂತೆ ಮಾಳವ್ವ. "ಬೇಕಾದೋರು ಮನಿಮನಿಗೆ ಹೋಗಿ ಕೇಳಿ ಕಲೀಲಿ. ನಿಮ್ಮ ಅಕ್ಷರ ಮಾತ್ರ ನೀವಾ ಕಲಿಸ್ಬೇಕು. ನಿಮ್ಮನ್ನು ಬಿಟ್ಟು ನಾನೂ ಕಲಿಸಂಗಿಲ್ಲ."

ಹೀಗೆ ಆ ಊರಲ್ಲಿ ಮನೆಗೊಂದು ಅಕ್ಷರವಾಯಿತಂತೆ. ಕಾಗುಣಿತ, ಒತ್ತಕ್ಷರಗಳನ್ನು ಮಾತ್ರ ಮಾಳವ್ವ ಭಟ್ಟಿಯಲ್ಲೇ ಇಟ್ಟುಕೊಂಡಳು, ಅವು ಯಾವ ಒಂದು ಮನೆಯಲ್ಲೂ ಹಿಡಿಸುವಂಥವಲ್ಲ ಅಂತ. ಪ್ರತಿ ಮನೆಯವರೂ ತಮ್ಮ ಅಕ್ಷರವನ್ನು ಬೆಳಿಗ್ಗೆ ಬಾಗಿಲ ಮುಂದೆ ರಂಗೋಲಿಯ ಪಕ್ಕದಲ್ಲಿ ಬರೆಯುತ್ತಿದ್ದರು, ಸಂಜೆಗೆ ಅಳಿಸುತ್ತಿದ್ದರು. ಸಂಜೆಗೆ ಅಳಿಸುವುದು ಯಾಕೆಂದರೆ, ಬರೆದದ್ದು ಹಾಗೇ ಉಳಿದರೆ ಕೈ ಸೋಮಾರಿಯಾಗುತ್ತದೆ ಅಂತ. ಕಲಿಯುವವರು ಬಾಗಿಲಿಂದ ಬಾಗಿಲಿಗೆ ಹೋಗುತ್ತಿದ್ದರು. ಮೊಮ್ಮಗಳ ಹಿಂದೆ ಅಜ್ಜಿ, ಸೊಸೆಯ ಹಿಂದೆ ಅತ್ತೆ. ಮೇಲುಕೇರಿಯವರು ಎಂದೂ ಕಾಲಿಡದ ಕೇರಿಯಲ್ಲೂ ಅಕ್ಷರಗಳಿದ್ದವು. ಅವು ಬೇಕಾದರೆ ಅಲ್ಲಿಗೆ ಹೋಗಬೇಕು, ಅಲ್ಲಿಯವರನ್ನು ಅಕ್ಕಾ, ಅಣ್ಣಾ ಅಂತ ಕರೆದು ಕೇಳಬೇಕು. ಮೊದಮೊದಲು ಮುಖ ಕಿವುಚಿದರಂತೆ. ಆಮೇಲೆ ಹೋದರಂತೆ. ಮಾಳವ್ವ ಬೇಕೆಂದೇ ಹಾಗೆ ಹಂಚಿದ್ದಳು ಅನ್ನುತ್ತಾರೆ.

ಈಗ ಉಜ್ಜಪ್ಪಜ್ಜನ ಮಾತು ಹೇಳಬೇಕು. ಉಜ್ಜಪ್ಪಜ್ಜ ಊರಿನ ಹಿರಿಯ. ಅವನ ಆಸ್ತಿ ಅಂದರೆ ಅವನ ನೆನಪು. ಯಾರ ಹೊಲದ ಬದು ಎಲ್ಲಿತ್ತು, ಯಾವ ಬಾವಿಯಲ್ಲಿ ಯಾರ ಪಾಲೆಷ್ಟು, ಯಾರ ಅಜ್ಜ ಯಾರಿಗೆ ಏನು ಮಾತು ಕೊಟ್ಟಿದ್ದ, ಎಲ್ಲ ಅವನಿಗೆ ನೆನಪಿತ್ತು. ಜಗಳ ಬಂದರೆ ಕಟ್ಟೆಯ ಮೇಲೆ ಅವನು ಒಂದು ಮಾತು ಹೇಳಿದರೆ ಮುಗಿಯಿತು. ಅವನೂ ಒಂದು ದಿನ ಭಟ್ಟಿಗೆ ಬಂದು ಅಕ್ಷರ ಪಡೆದ. ಅವನಿಗೆ ಬಂದದ್ದು ಳ. ಸುರುಳಿ ಸುರುಳಿಯಾದ ಅಕ್ಷರ ನೋಡಿ, "ನಂಗಾ ಕೊಡಾಕೆ ಇಟ್ಕಂಡಿದ್ಯೇನವ್ವ ಇದನ್ನ!" ಅಂತ ನಕ್ಕು ಹೋದನಂತೆ.

ಅಷ್ಟೇ. ಆಮೇಲೆ ಅವನ ಬಾಗಿಲಲ್ಲಿ ಳ ಕಾಣಿಸಲಿಲ್ಲ. ಕಲಿಯಲು ಹೋದವರನ್ನು, "ನಂಗ್ ಪುರಸೊತ್ತಿಲ್ಲ, ನಡೀರಿ" ಅಂತ ಗದರಿಸಿ ಕಳಿಸಿದ. ಇನ್ನೊಮ್ಮೆ ಹೋದರೆ ಕದ ಹಾಕಿಕೊಂಡ. ಸೊಸೆ ಕೊಟ್ರವ್ವ ಭಟ್ಟಿಗೆ ಅಕ್ಕಿ ತರುವುದೂ ನಿಂತಿತು. ಆ ಮನೆಯಲ್ಲಿ ಮಂಡಕ್ಕಿಯೇ ತಿನ್ನುವುದಿಲ್ಲವಂತೆ ಅಂತ ಊರಲ್ಲಿ ಮಾತಾಯಿತು.

ಶ್ರಾವಣ ಬಂತು. ಆ ವರ್ಷ ಊರವರೇ ಪುರಾಣ ಓದಲು ಕೂತರು. ಒಬ್ಬರು ಒಂದು ಸಾಲು, ಇನ್ನೊಬ್ಬರು ಮುಂದಿನ ಸಾಲು. ಎಲ್ಲ ಅಕ್ಷರವೂ ಬರುತ್ತಿತ್ತು, ಳ ಒಂದು ಬಿಟ್ಟು. ಳ ಇಲ್ಲದಿದ್ದರೆ ಮಳೆ ಇಲ್ಲ, ಬೆಳೆ ಇಲ್ಲ, ಜೋಳ ಇಲ್ಲ. ಊಹಿಸಿ ಓದಬಹುದಿತ್ತಲ್ಲ ಅಂತ ನೀವು ಕೇಳಬಹುದು. ಆದರೆ ಕೇಳಿ ಪಡೆಯದ ಅಕ್ಷರವನ್ನು ಓದಿದರೆ ಕದ್ದಂತೆ ಅಂತ ಆ ಊರವರ ಲೆಕ್ಕ. ಆದ್ದರಿಂದ ಳ ಬಂದ ಕಡೆ ಓದುವವರು ನಿಂತು ಒಂದು ಸಲ ಕೆಮ್ಮಿ ಮುಂದೆ ಹೋಗುತ್ತಿದ್ದರಂತೆ. ದೇವತೆಗಳು ಬಂದರೂ ಕೆಮ್ಮು, ಹೂಮಳೆ ಸುರಿದರೂ ಕೆಮ್ಮು.

"ಊರಿಗೇ ನೆಗಡಿ ಬಂದೈತಿ" ಅಂತ ಹಾಲವ್ವ ನಗಾಡಿದಳಂತೆ.

ಮಾಳವ್ವ ನಗಲಿಲ್ಲ. ಕಟ್ಟೆಗೆ ಉಜ್ಜಪ್ಪಜ್ಜನ ಮನೆ ಹತ್ತಿರ. ಒಂದೊಂದು ಕೆಮ್ಮಿಗೂ ಜನರ ಮುಖ ಆ ಮುಚ್ಚಿದ ಕದದ ಕಡೆ ತಿರುಗುತ್ತಿತ್ತು. ಒಳಗೆ ಕೂತವನಿಗೆ ಅದು ಕೇಳಿಸದೆ ಇರುತ್ತದೆಯೇ?

ಊರವರು ಮಾಳವ್ವನಿಗೆ ದುಂಬಾಲು ಬಿದ್ದರು. ನೀನೇ ಕಲಿಸಿಬಿಡು, ಆ ಮುದುಕನ ಹಂಗು ನಮಗೆ ಬೇಡ ಅಂದರು. ಮಾಳವ್ವ ಒಪ್ಪಲಿಲ್ಲ. ಕೊಟ್ಟ ಮೇಲೆ ಅದು ಅವನದು, ಅವನನ್ನು ದಾಟಿ ಕೊಟ್ಟರೆ ನಾಳೆ ಯಾವ ಮನೆಯ ಅಕ್ಷರಕ್ಕೂ ಬೆಲೆ ಇರುವುದಿಲ್ಲ ಅಂದಳು. ತಾನೇ ಹೋಗಿ ಕೇಳುತ್ತೇನೆ ಅಂತ ಒಂದು ಮಧ್ಯಾಹ್ನ ಅವನ ಮನೆಗೆ ಹೋದಳು.

ಉಜ್ಜಪ್ಪಜ್ಜ ಮನೆಯಲ್ಲಿರಲಿಲ್ಲ. ಕೊಟ್ರವ್ವ ನೀರು ಕೊಟ್ಟು, ಅತ್ತ ಇತ್ತ ನೋಡಿ, ಹಿತ್ತಲ ಬಾಗಿಲು ತೆರೆದಳು. ಹಿತ್ತಲ ನೆಲದ ತುಂಬ ಗೀರುಗಳು. ಸುತ್ತಿನ ಮೇಲೆ ಸುತ್ತು, ಬಾಲದ ಮೇಲೆ ಬಾಲ, ಬರೆದು ಕಾಲಲ್ಲಿ ಅಳಿಸಿ ಮತ್ತೆ ಬರೆದದ್ದು. ಹಿತ್ತಲ ಈ ತುದಿಯಿಂದ ಆ ತುದಿಯವರೆಗೆ. ಒಂದೂ ಳ ಆಗಿರಲಿಲ್ಲ.

"ಕೋಳಿ ಕೆರದಾವೆ ಅಂತ ಹೇಳು ಅಂದಾರೆ ಮಾವಾರು" ಅಂದಳಂತೆ ಕೊಟ್ರವ್ವ ಮೆಲ್ಲಗೆ. "ನಮ್ಮನ್ಯಾಗೆ ಕೋಳಿ ಎಲ್ಲೈತಕ್ಕ?"

ಮಾಳವ್ವನಿಗೆ ತಿಳಿಯಿತು. ಅಜ್ಜನಿಗೆ ಸೊಕ್ಕಲ್ಲ, ಅಜ್ಜನಿಗೆ ಮರೆತುಹೋಗಿದೆ. ಊರಿನ ನೆನಪೆಲ್ಲ ಹೊತ್ತವನು ಅಂಗೈಯಷ್ಟಗಲದ ಅಕ್ಷರ ಮರೆತ ಅಂದರೆ ನಾಳೆ ಹೊಲದ ಬದುವಿನ ಮಾತನ್ನು ಯಾರು ನಂಬುತ್ತಾರೆ? ಅವನು ಕದ ಹಾಕಿಕೊಂಡದ್ದು ಅದಕ್ಕೆ. ಅಲ್ಲೇ ನೆಲದಲ್ಲಿ ಬರೆದಿಟ್ಟು ಹೋಗಬಹುದಿತ್ತು. ಆದರೆ ಬರೆದದ್ದು ಯಾರೆಂದು ಅವನಿಗೆ ಗೊತ್ತಾಗದೆ ಇರದು. ಗೊತ್ತಾದರೆ ಇನ್ನು ಅವಳ ಮುಖವನ್ನೂ ಅವನು ನೋಡಲಾರ. ಅವಳು ಏನೂ ಮಾಡದೆ, "ಕೋಳಿ ಚಂದಾಗಿ ಕೆರದಾವೆ ಬಿಡವ್ವ" ಅಂದು ಬಂದುಬಿಟ್ಟಳು.

ಮರುದಿನ ಭಟ್ಟಿಯ ಮುಂದೆ ಜನ ತುಂಬಿದ್ದಾಗ ಮಾಳವ್ವ ಎಲ್ಲರಿಗೂ ಒಂದು ಪದ ಬರೆದು ತೋರಿಸುತ್ತೇನೆ ಅಂತ ಮರಳಿಗೆ ಬೆರಳಿಟ್ಟಳು. ಅರ್ಧಕ್ಕೆ ನಿಲ್ಲಿಸಿ, ಮರೆತವಳಂತೆ ನಟಿಸಬೇಕು ಅಂತ ಅವಳ ಮನಸ್ಸಿನಲ್ಲಿತ್ತು. ಆದರೆ ಅಷ್ಟೂ ಕಣ್ಣುಗಳು ತನ್ನ ಬೆರಳ ಮೇಲೆಯೇ ಇವೆ ಅನ್ನಿಸಿದಾಗ ನಿಜವಾಗಿಯೂ ಮರೆತೇ ಹೋಯಿತಂತೆ! ತಾನೇ ಬೆರಳು ಹಿಡಿದು ತಿದ್ದಿಸಿದ ಅಕ್ಷರ, ಕಣ್ಣೆದುರಿಂದ ಮಾಯ. ಮೈ ಬೆವತಿತು, ಕಿವಿ ಬಿಸಿಯಾಯಿತು. ಅಜ್ಜನಿಗೆ ಹೀಗೆಯೇ ಆಗಿತ್ತು ಅಂತ ಅವಳಿಗೆ ಗೊತ್ತಾದದ್ದು ಆಗ. ಮೊದಲು ಬರೀ ತಿಳಿದಿತ್ತು. ಈಗ ತನ್ನ ಮೈಯಲ್ಲೇ ಆಯಿತು.

"ಮರೆತೆ ಕಣ್ರವ್ವ" ಅಂದಳು ಗಟ್ಟಿಯಾಗಿ.

"ಅಯ್ಯ ನಿನ್ನ! ಭಟ್ಟಿ ಮಾಳವ್ವಗೇ ಮರೆತ್ರೆ ಭಟ್ಟಿ ಕಲ್ಲಿಗೆ ನೆನಪಿರ್ತೈತೇನು?" ಅಂತ ಹಾಲವ್ವ ಬಿದ್ದು ಬಿದ್ದು ನಕ್ಕಳು. ನಗುನಗುತ್ತಲೇ ಬಗ್ಗಿ ಆ ಅಕ್ಷರ ಬರೆದು ತೋರಿಸಿದಳು. ಅದು ಅವಳದೇ ಮನೆಯ ಅಕ್ಷರವಾಗಿತ್ತು.

ಮಾಳವ್ವ ತನ್ನ ಬುಟ್ಟಿಗೆ ಕೈ ಹಾಕಿದಳು. ಹುರಿದುಕೊಟ್ಟದ್ದಕ್ಕೆ ಪ್ರತಿಯೊಬ್ಬರೂ ಅವಳಿಗೆ ಒಂದು ಬೊಗಸೆ ಮಂಡಕ್ಕಿ ಬಿಟ್ಟುಹೋಗುವುದು ಪದ್ಧತಿ. ಆ ಮಂಡಕ್ಕಿ ತುಂಬಿಡುವ ಬುಟ್ಟಿ ಅದು. ಅದರಿಂದ ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡು, ಇವತ್ತಿನಿಂದ ಈ ಭಟ್ಟಿಯಲ್ಲಿ ಮರೆತೆ ಅಂದವರಿಗೆಲ್ಲ ಒಂದು ಹಿಡಿ ಮಂಡಕ್ಕಿ, ಆಮೇಲೆ ಅಕ್ಷರ ಅಂದಳಂತೆ.

ಅಲ್ಲಿಂದ ಶುರುವಾಯಿತು ನೋಡಿ. ಊರಿಗೆ ಊರೇ ಮರೆಯತೊಡಗಿತು! ನಿನ್ನೆ ಗಟ್ಟಿಯಾಗಿ ಓದಿದವರಿಗೂ ಇವತ್ತು ಮರೆವು. ಮಕ್ಕಳಿಗೆ ತಮ್ಮ ಹೆಸರೇ ಮರೆತುಹೋಯಿತು. ಹಾಲವ್ವನಂತೂ ಹಲ್ಲಿಲ್ಲದ ಬಾಯಲ್ಲಿ ಮಂಡಕ್ಕಿ ನೆನೆಸಿಕೊಂಡು, "ಇನ್ನೊಂದೂ ಮರ್ತಂಗೆ ಐತಬೇ" ಅಂತ ಮತ್ತೆ ಕೈಯೊಡ್ಡುತ್ತಿದ್ದಳಂತೆ. ಬುಟ್ಟಿ ದಿನವೂ ಬರಿದಾಗುತ್ತಿತ್ತು. ಮಾಳವ್ವ ಬರಿ ಅಂಬಲಿ ಕುಡಿದು ಮಲಗಿದ ದಿನಗಳೂ ಇದ್ದವು ಅನ್ನುತ್ತಾರೆ. ಆದರೂ ಒಬ್ಬರನ್ನೂ ಬರಿಗೈಲಿ ಕಳಿಸಲಿಲ್ಲ. ಅವಳ ಕಣ್ಣು ಮಾತ್ರ ದಾರಿಯ ಮೇಲೆಯೇ ಇರುತ್ತಿತ್ತು.

ಒಂದು ದಿನ ಉಜ್ಜಪ್ಪಜ್ಜ ಬಂದ. ರುಮಾಲು ಸುತ್ತಿಕೊಂಡು, ಕಟ್ಟೆಗೆ ನ್ಯಾಯ ಹೇಳಲು ಬರುವಂತೆಯೇ ಬಂದ. ಜನ ದಾರಿ ಬಿಟ್ಟರು. ಮರಳಿನ ಮುಂದೆ ಕೂತ. ಬಾಣಲೆಯಲ್ಲಿ ಅಕ್ಕಿ ಅರಳುತ್ತಿತ್ತು.

"ಮಾಳವ್ವ" ಅಂದ. "ನಂಗೂ ಮರ್ತೈತವ್ವ. ತಗಂಡು ಹೋದ ದಿನಾನೇ ಮರ್ತೈತಿ" ಅಂದ.

ಮಾಳವ್ವ ಒಂದು ಹಿಡಿ ಮಂಡಕ್ಕಿ ಕೊಟ್ಟಳು. ಎಲ್ಲರಿಗೂ ಕೊಡುವಷ್ಟೇ ಒಂದು ಹಿಡಿ, ಒಂದು ಕಾಳು ಹೆಚ್ಚಿಲ್ಲ. ಹೆಚ್ಚು ಕೊಟ್ಟಿದ್ದರೆ ಅವನ ಮರೆವು ಉಳಿದವರ ಮರೆವಿಗಿಂತ ದೊಡ್ಡದಾಗುತ್ತಿತ್ತು, ಅದಕ್ಕೆ. ಅವನು ನಿಧಾನವಾಗಿ ತಿಂದು ಮುಗಿಸುವವರೆಗೂ ಕಾದಳು. ಆಮೇಲೆ ಅವನ ಬೆರಳು ಹಿಡಿದು ಮರಳಲ್ಲಿ ಳ ತಿದ್ದಿಸಿದಳು.

"ಥೂ ಇದರ! ಇಷ್ಟೇನಾ!" ಅಂದನಂತೆ ಅಜ್ಜ. "ನಾನು ಬಾಲ ಆ ಕಡೀಗೆ ತಿರುವ್ತಿದ್ನಲ್ಲೇ!"

ಮೊದಲು ನಕ್ಕವನು ಅವನೇ. ಆಮೇಲೆ ಎಲ್ಲರೂ ನಕ್ಕರು. ಮರುದಿನ ಬೆಳಿಗ್ಗೆ ಅವನ ಬಾಗಿಲಲ್ಲಿ ಆಳೆತ್ತರದ ಳ ಬರೆದಿತ್ತಂತೆ, ಕಲಿಯಲು ಬಂದವರಿಗೆ ನಿಲ್ಲಲು ಜಾಗವಿರಲಿಲ್ಲವಂತೆ. ಆ ಸಂಜೆ ಕಟ್ಟೆಯ ಮೇಲೆ ಪುರಾಣದಲ್ಲಿ ಮಳೆ ಮಳೆಯಾಗಿಯೇ ಸುರಿಯಿತು.

ಅವನು ಹೆದರಿದ್ದು ಆಯಿತೇ ಅಂದರೆ, ಆಗಲಿಲ್ಲ. ಮುಂದಿನ ಸಲ ಬದುವಿನ ಜಗಳ ಬಂದಾಗ ಉಜ್ಜಪ್ಪಜ್ಜ, "ಬೇವಿನ ಮರದ ತನಕ ನಂಗೆ ನೆನಪೈತಿ, ಅದರಾಚೆ ಮರ್ತೈತಿ" ಅಂದನಂತೆ. ಮರೆತದ್ದನ್ನು ಮರೆತೆ ಅನ್ನುವವನು ನೆನಪಿದೆ ಅಂದದ್ದನ್ನು ನಂಬದೆ ಇನ್ನೇನು ಅಂತ ಜನ ಅವನ ಮಾತನ್ನು ಮೊದಲಿಗಿಂತ ಹೆಚ್ಚು ನಂಬಿದರಂತೆ.

ಮಾಳವ್ವ ಎಂದು ತೀರಿಕೊಂಡಳೋ ಯಾರಿಗೂ ಗೊತ್ತಿಲ್ಲ. ಭಟ್ಟಿ ಇದ್ದ ಕಡೆ ಈಗ ಒಂದು ತಗಡಿನ ಚಾವಣಿಯಿದೆ. ಸಂಜೆಯಾದರೆ ಅಲ್ಲಿ ಓದು ನಡೆಯುತ್ತದೆ. ಶಾಲೆ ಮಕ್ಕಳು, ಕೂಲಿ ಮುಗಿಸಿ ಬಂದ ಹೆಂಗಸರು, ಕೋಲೂರಿಕೊಂಡು ಬರುವ ಮುದುಕರು, ಎಲ್ಲರೂ ಒಂದೇ ಚಾಪೆಯ ಮೇಲೆ. ಓದು ಶುರುವಾಗುವ ಮೊದಲು ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಹಿರಿಯರು ಎದ್ದು ನಿಂತು "ಮರೆತೆ" ಅನ್ನಬೇಕು. ಮರೆತಿರಲಿ, ಮರೆಯದಿರಲಿ, ಅನ್ನಬೇಕು. ಅವರಿಗೆ ಮೊದಲ ಹಿಡಿ, ಆಮೇಲೆ ಬುಟ್ಟಿ ಎಲ್ಲರ ಮುಂದೆ ಹೋಗುತ್ತದೆ. ಮಧ್ಯದಲ್ಲಿ ಯಾರಾದರೂ ತಡವರಿಸಿದರೆ ಬುಟ್ಟಿಯನ್ನು ಅವರ ಕಡೆ ತಳ್ಳುತ್ತಾರೆ. ಅಲ್ಲಿ ತಪ್ಪು ಓದಿದವರನ್ನು ನೋಡಿ ಯಾರೂ ನಗುವುದಿಲ್ಲ. ಬಾಯಿ ತುಂಬ ಮಂಡಕ್ಕಿ ಇಟ್ಟುಕೊಂಡು ನಗುವುದು ಕಷ್ಟ, ಬೇಕಾದರೆ ನೀವೇ ಒಂದು ಸಲ ನಕ್ಕು ನೋಡಿ.