ರಾಣಿ ಕೇಳಿದ ತೇಪೆಯ ಕೌದಿ

ಮತ್ತೆ ಬಾಯಿ ಹಾಕಿದಿರಾ? ಮೂರು ಸಲ ಶುರು ಮಾಡಿದ್ದಾಯ್ತು. ಒಬ್ಬರಿಗೆ ನೀರು ಬೇಕು, ಒಬ್ಬರಿಗೆ ಉಚ್ಚೆ ಬಂತು, ಇನ್ನೊಬ್ಬರಿಗೆ ರಾಜನ ಹೆಸರು ಬೇಕಂತೆ. ರಾಜನಿಗೆ ಈ ಕಥೆಯಲ್ಲಿ ಕೆಲಸವೇ ಇಲ್ಲ, ಹೆಸರು ಯಾಕೆ? ಸುಮ್ಮನೆ ಕೇಳಿ, ಮಕ್ಕಳೇ.

ಒಂದು ಸೀಮೆಯಲ್ಲಿ ಕನಕಾಂಬೆ ಅನ್ನೋ ರಾಣಿ ಇದ್ದಳು. ಉಂಡಳು, ಮಲಗಿದಳು, ಬೇಸರವಾಯಿತು. ಒಂದು ಹೊಸ ಕಾದಂಬರಿ ತರಿಸಿ ಓದಿದಳು. ಅದರಲ್ಲೊಬ್ಬ ಸೂಫಿ ಗುರು. ತೇಪೆ ಹಾಕಿದ ಅಂಗಿ ತೊಟ್ಟು, 'ನಾನು ಅನ್ನೋದನ್ನ ಬಿಡು, ಪ್ರೀತಿ ಹಿಡಿ' ಅಂತ ಊರೂರು ತಿರುಗೋನು. ರಾಣಿ ಓದಿದಳು, ಅತ್ತಳು. ಮತ್ತೆ ಓದಿದಳು, ಮತ್ತೆ ಅತ್ತಳು. ಮೂರನೇ ಸಲ ಇಡೀ ಆಸ್ಥಾನವನ್ನು ಕೂರಿಸಿ ಗಟ್ಟಿಯಾಗಿ ಓದಿಸಿದಳು. ಎಲ್ಲರೂ ಅಳಲೇಬೇಕಾಯಿತು. ಆಮೇಲೆ ಹೇಳಿದಳು: "ಇನ್ನು ನಾನೇ ಗುರು."

ಅಷ್ಟು ಸುಲಭ. ಅಂಗಿಯೊಂದು ಬಾಕಿ.

ಹೊಸ ರೇಷ್ಮೆ ಸೀರೆ ಕತ್ತರಿಸಿ ತೇಪೆ ಹಾಕಿಸಿದರು. ಗುರುವಿನ ಕಳೆ ಬರಲಿಲ್ಲ, ಮದುಮಗಳ ಕಳೆ ಬಂತು. ಕೆಸರಲ್ಲಿ ಅದ್ದಿಸಿದರು. ನಾತ ಬಂತು. ಬಿಸಿಲಲ್ಲಿ ಒಣಗಿಸಿದರು. ಹಲಗೆಯ ಹಾಗೆ ಸೆಟೆದು ನಿಂತಿತು. ಕೊನೆಗೆ ಯಾರೋ ಹೇಳಿದರು: "ಕೌದಿ ಹೊಲಿಯೋ ಖಾಸಿಂಬಿ ಮನೇಲಿ ಒಂದು ಹಳೇ ಕೌದಿ ಇದೆ ತಾಯಿ. ಮೈತುಂಬ ತೇಪೆ."

ಇತ್ತು, ನಿಜ. ಊರಿಗೆಲ್ಲ ಕೌದಿ ಹೊಲಿದುಕೊಟ್ಟ ಖಾಸಿಂಬಿಗೆ ಉಳಿದದ್ದು ಅದೊಂದೇ. ಮಾಗಿಯ ಚಳಿ. ಕೌದಿಯೊಳಗೆ ನಾಯಿಕೆಮ್ಮು ಹತ್ತಿದ ಎರಡು ವರ್ಷದ ಮಗಳು.

ರಾಣಿ ಪಲ್ಲಕ್ಕಿಯಿಂದ ಇಳಿದಳು. ಹಿಂದೆ ಆಸ್ಥಾನವೆಲ್ಲ.

"ಖಾಸಿಂಬಿ, ತುಂಬ ಪ್ರೀತಿಯದನ್ನೇ ಬಿಟ್ಟುಕೊಡಬೇಕು ಅಂತ ಪುಸ್ತಕದಲ್ಲಿದೆ. ಆ ಕೌದಿ ಬಿಟ್ಟುಕೊಡು."

"ಕೊಡೋಣ ತಾಯಿ. ಆ ಗುರುಗಳು ಬಿಟ್ಟದ್ದು ತಮ್ಮದನ್ನೋ, ಪಕ್ಕದ ಮನೆಯವರದನ್ನೋ?"

ಮಂತ್ರಿ ಕೆಮ್ಮಿದ. ಮಗು ಇನ್ನೂ ಜೋರಾಗಿ ಕೆಮ್ಮಿತು. ಖಾಸಿಂಬಿ ಕೌದಿಯನ್ನು ಮಗುವಿಗೆ ಬಿಗಿಯಾಗಿ ಸುತ್ತಿದಳು. ಇಲ್ಲ ಅಂದರೆ ಸಿಪಾಯಿಗಳು ಕಿತ್ತುಕೊಳ್ಳೋದು ಎಷ್ಟು ಹೊತ್ತು? ಆಮೇಲೆ ಹೇಳಿದಳು:

"ದರ್ಗಾದಲ್ಲಿ ನಾನು ಕೇಳಿದ್ದು ಹೀಗೆ. ಗುರುವಿನ ಅಂಗಿ ಕಿತ್ತುಕೊಂಡರೆ ಬರೀ ಬಟ್ಟೆ. ಸೇವೆ ಮಾಡಿದವರ ಹೆಗಲಿಗೆ ಕೊಡೋರೇ ಕೈಯಾರೆ ಹೊದಿಸಬೇಕು. ನಿಮ್ಮ ಪುಸ್ತಕದಲ್ಲಿ ಇಲ್ಲವಾ?"

ರಾಣಿ ಪುಟ ತಿರುವಿದಳು. ಇತ್ತು. ಆಸ್ಥಾನವೆಲ್ಲ ಕೇಳಿ ಅತ್ತ ಪುಟವೇ ಅದು.

"ಏನು ಸೇವೆ?"

"ಒಂದು ದಿನ ದರ್ಗಾದ ಕಸ ಗುಡಿಸೋದು. ಒಂದು ದಿನ ನೀರು ಹೊರೋದು. ಒಂದು ದಿನ ಬಂದವರಿಗೆ ರೊಟ್ಟಿ ತಟ್ಟೋದು. ಯಾರು ಮಾಡ್ತಾರೋ ಅವರೇ ಗುರು, ಅವರ ಹೆಗಲಿಗೇ ಕೌದಿ. ಒಪ್ತೀರಾ?"

"ಒಪ್ಪಿದೆ."

ಮೊದಲ ದಿನ, ರಾಣಿಗೆ ಧೂಳು ಆಗಿಬರೋದಿಲ್ಲ. ಮುದುಕಿ ದಾಸಿ ತಿಪ್ಪವ್ವನನ್ನು ಕಳಿಸಿದಳು. ಎರಡನೇ ದಿನ ಸೊಂಟನೋವು. ತಿಪ್ಪವ್ವ ಹೋದಳು. ಮೂರನೇ ದಿನ ಒಲೆಯ ಹೊಗೆಗೆ ಧ್ಯಾನ ಕೆಡುತ್ತದಂತೆ. ಮತ್ತೆ ತಿಪ್ಪವ್ವ.

ನಾಲ್ಕನೇ ದಿನ ಆಸ್ಥಾನ ಸೇರಿತು. ರಾಣಿ ತಲೆ ಬಗ್ಗಿಸಿ, ಕಣ್ಣು ಮುಚ್ಚಿ ಕೂತಳು. ಖಾಸಿಂಬಿ ಕೌದಿ ಹಿಡಿದು ಬಂದಳು, ರಾಣಿಯನ್ನು ದಾಟಿದಳು, ಹಿಂದೆ ಚಾಮರ ಹಿಡಿದು ನಿಂತಿದ್ದ ತಿಪ್ಪವ್ವನ ಹೆಗಲಿಗೆ ಹೊದಿಸಿದಳು.

"ಗುರುಗಳು ಇವರು. ನಮಸ್ಕಾರ ಮಾಡಿ."

ಆಸ್ಥಾನಕ್ಕೆ ಅಭ್ಯಾಸ. ಜೈಕಾರ ಹಾಕಿಯೇಬಿಟ್ಟಿತು.

"ಇದೇನಿದು?" ರಾಣಿ ಕಿರುಚಿದಳು.

"ತಾವೇ ಒಪ್ಪಿದ್ದು ತಾಯಿ," ಅಂದ ಮಂತ್ರಿ ಮೆಲ್ಲಗೆ. "ಪುಸ್ತಕದಲ್ಲೂ ಇದೆ."

ತಿಪ್ಪವ್ವ ಹೆಗಲ ಮೇಲಿನ ಕೌದಿ ಮುಟ್ಟಿ ನೋಡಿದಳು. ಆಮೇಲೆ ಗಂಟಲು ಸರಿಮಾಡಿಕೊಂಡಳು. "ಗುರು ಅಂದ್ರಲ್ಲ, ಹಂಗಾದ್ರೆ ನನ್ನ ಅಪ್ಪಣೆ. ಈ ಕೌದಿ ಖಾಸಿಂಬಿ ಕೂಸಿನ ಮ್ಯಾಲೇ ಇರ್ಲಿ. ಯಾರೂ ಮುಟ್ಟಬ್ಯಾಡ್ರಿ."

ಗುರುವಿನ ಮಾತು ಮೀರಬಾರದು ಅಂತಲೂ ಆ ಪುಸ್ತಕದಲ್ಲಿತ್ತು. ರಾಣಿ ಹಲ್ಲು ಕಚ್ಚಿ ಕೈಮುಗಿದಳು.

ನೀತಿ ಇಷ್ಟೇ. ಗುರುವಿನ ಅಂಗಿ ಬೇಕು, ಗುರು ಹಿಡಿದ ಪೊರಕೆ ಬೇಡ ಅನ್ನೋರಿಗೆ ಪುಸ್ತಕ ಓದಿ ಅತ್ತ ಕಣ್ಣೀರಷ್ಟೇ ಲಾಭ.

ಖಾಸಿಂಬಿ, ತಿಪ್ಪವ್ವ ಇಬ್ಬರೂ ಮನೆಗೆ ಬಂದು ಮಗುವಿಗೆ ಕೌದಿ ಹೊದಿಸಿದರು. ಮಗು ನಿದ್ದೆ ಹೋಯಿತು. ಸೆರಗು ಕೊಡವಿ ಎದ್ದ ತಿಪ್ಪವ್ವ ಬಾಗಿಲಲ್ಲಿ ನಿಂತು ಒಂದು ಮಾತು ಕೇಳಿದಳು.

"ತಂಗೀ, ನಾನೀಗ ಗುರು, ಸರಿ. ನಾಳೆ ಮುಂಜಾನೆ ರಾಣಿಗೆ ಸ್ನಾನದ ನೀರು ಯಾರು ಕಾಸಬೇಕು?"