ಹುಟ್ಟುವುದು ರೇರ್ ಅಲ್ಲ

ಕಚೇರಿಯ ಕಸ ಗುಡಿಸುವ ದುರುಗವ್ವ ಮಗಳ ಚೊಚ್ಚಲ ಹೆರಿಗೆಗೆಂದು ನಾಲ್ಕು ದಿನ ರಜೆ ಕೇಳಿದಳು.

"ರಜೆ ರೇರ್ ಕೇಸಿಗೆ ಮಾತ್ರ," ಎಂದರು ಸಾಹೇಬರು. "ರೇರ್ ಅಂದ್ರೆ ಅಪರೂಪ, ಗೊತ್ತೇನು? ಹುಟ್ಟೋದು ಅಪರೂಪವಾ? ದಿನಾ ಎಲ್ಲರೂ ಹುಟ್ತಾರೆ."

ಬಡವರ ಮನೆಯಲ್ಲಿ ಮಗು ಹುಟ್ಟುವಾಗಲೇ ಸಾಹೇಬರಿಗೆ ನಿಘಂಟು ನೆನಪಾಗುತ್ತದೆ.

"ಹಂಗಂತ ಬರದು ಕೊಡ್ರಿ ಸಾಹೇಬ್ರ. ಮಗಳಿಗೆ ತೋರಸ್ತೀನಿ."

ಸಾಹೇಬರಿಗೆ ಸಹಿ ಎಂದರೆ ಪ್ರಾಣ. "ಹುಟ್ಟುವುದು ರೇರ್ ಅಲ್ಲ. ಅದಕ್ಕಾಗಿ ಯಾರೂ ಕೆಲಸ ಬಿಡತಕ್ಕದ್ದಲ್ಲ" ಎಂದು ಬರೆದು, ಮೊಹರನ್ನೂ ಒತ್ತಿದರು.

ಮರುದಿನ ಸಾಹೇಬರ ಐವತ್ತನೆಯ ಹುಟ್ಟುಹಬ್ಬ. ಸಭಾಂಗಣದಲ್ಲಿ ಕೇಕು, ಶಾಲು, ಆಳೆತ್ತರದ ಹಾರ ಎಲ್ಲ ಸಿದ್ಧವಾಗಿದ್ದವು. ಆದರೆ ದುರುಗವ್ವ ಆ ಕಾಗದವನ್ನು ಬಾಗಿಲಿಗೆ ಅಂಟಿಸಿದ್ದಳು. ಗುಮಾಸ್ತರು ಓದಿದರು, ಮೊಹರು ನೋಡಿ ಹೆದರಿದರು, ತಮ್ಮ ತಮ್ಮ ಕುರ್ಚಿಗೆ ಮರಳಿದರು. ಹೆಡ್ ಕ್ಲಾರ್ಕ್ ಹಾರವನ್ನು ಎಲ್ಲಿಡಬೇಕೆಂದು ತಿಳಿಯದೆ ತಾನೇ ಹಾಕಿಕೊಂಡು ಫೈಲು ಬರೆಯತೊಡಗಿದ. ಬ್ಯಾಂಡಿನವರು ಅರ್ಜಿದಾರರ ಸಾಲಿನಲ್ಲಿ ನಿಂತರು.

ಮೈಸೂರು ಪೇಟ ತೊಟ್ಟ ಸಾಹೇಬರು ಕೇಕಿನ ಮುಂದೆ ಒಬ್ಬರೇ ಉಳಿದರು.

"ದುರುಗವ್ವಾ! ಏನಿದು?"

"ನಿಮ್ಮ ಆರ್ಡರ್ರಿ. ನೀವು ಹುಟ್ಟಿದ್ದು ಅಪರೂಪ ಆದ್ರ ನನ್ನ ಮೊಮ್ಮಗು ಹುಟ್ಟೋದೂ ಅಪರೂಪ. ಯಾವುದಾರ ಒಂದು ಬರೀರಿ."

ಸಾಹೇಬರು ಹಲ್ಲು ಕಡಿಯುತ್ತ ರಜೆ ಮಂಜೂರು ಮಾಡಿ, "ಹುಟ್ಟುವುದೆಲ್ಲ ರೇರ್" ಎಂದು ಹೊಸ ಆದೇಶ ಹೊರಡಿಸಿದರು.

ದುರುಗವ್ವ ಬಸ್ಸು ಹತ್ತುವಷ್ಟರಲ್ಲಿ ಸಾಹೇಬರ ಮೇಜಿನ ಮೇಲೆ ಹನ್ನೊಂದು ರಜೆ ಅರ್ಜಿಗಳು ಬಿದ್ದಿದ್ದವು. ಒಂಬತ್ತರಲ್ಲಿ ಹೆರುವವಳು ಎಮ್ಮೆ.